ಬೀಗರ ಬೇಲಿ

ಬೀಗರ ಮನೆಗೆ ಹೋದವರು ಕೆಲಸ ಮಾಡಬಾರದು ಎಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಜಗಲಿಯ ಮೇಲೆ ಕೂರಬೇಕು. ಕಾಫಿ ಬಂದಾಗ 'ಇದೆಲ್ಲ ಯಾಕೆ' ಅನ್ನಬೇಕು. ಎರಡನೇ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಆದರೂ ಬಿದ್ದದ್ದನ್ನು ತಿನ್ನಬೇಕು. ಊಟವಾದ ಮೇಲೆ ತೋಟ ನೋಡಲು ಕರೆದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತ, ಅಡಿಕೆಗೆ ಕೊಳೆರೋಗ ಬಂದಿದ್ದರೂ 'ಚೆನ್ನಾಗಿಟ್ಟಿದ್ದೀರಿ' ಅನ್ನಬೇಕು. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಪೂರ್ತಿ. ಟೆಕ್ಸಾಸಿನ ನನ್ನ ಬೀಗರಿಗೆ ಈ ಕಾನೂನು ಗೊತ್ತಿರಲಿಲ್ಲ. ನೆಂಟನಿಗೆ ತೋರಿಸಬಹುದಾದ ಅತಿ ದೊಡ್ಡ ಗೌರವವೆಂದರೆ ಅವನ ಕೈಗೆ ಒಂದು ಜೊತೆ ಚರ್ಮದ ಗವಸು ಕೊಟ್ಟು 'ಬನ್ನಿ, ಬೇಲಿ ಹಾಕೋಣ' ಅನ್ನುವುದು ಎಂದೇ ಅವರು ತಿಳಿದಿದ್ದರು.

ಮಗಳು ಮದುವೆಯಾದದ್ದು ಅಲ್ಲಿಯ ಹುಡುಗನನ್ನು. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ನನ್ನ ಹೆಂಡತಿ ಆಸ್ಟಿನ್ನಿಗೆ ಹೊರಟಳು. ಅವಳ ಸೂಟ್‌ಕೇಸಿನಲ್ಲಿ ಹಿಡಿಸದ ಲೇಹ್ಯ, ಮೆಣಸಿನಪುಡಿ, ಸೀಗೆಪುಡಿಗಳನ್ನು ನನ್ನದರಲ್ಲಿ ತುಂಬಿಕೊಂಡು ನಾನೂ ಹಿಂಬಾಲಿಸಿದೆ. ಅಲ್ಲಿ ಅವಳಿಗೆ ಎಣ್ಣೆ, ಬಿಸಿನೀರು, ಮಗು ಎಂದು ಉಸಿರಾಡಲು ಬಿಡುವಿಲ್ಲ. ನಿವೃತ್ತ ಗಣಿತ ಮೇಷ್ಟ್ರಾದ ನನಗೆ ಮಾತ್ರ ಸೋಫಾ. 'ಅಪ್ಪಯ್ಯ, ಸ್ವಲ್ಪ ಕಾಲು ಎತ್ತು' ಎಂದು ಮಗಳು ಆ ಸೋಫಾದ ಅಡಿಯಲ್ಲೇ ಕಸ ಹೀರುವ ಯಂತ್ರ ಓಡಿಸುತ್ತಿದ್ದಳು. ಬೀಗರಿಗೆ ಕನಿಕರ ಬಂದಿರಬೇಕು. ಒಂದು ಶನಿವಾರ ಬೆಳಿಗ್ಗೆ ಪಿಕಪ್ ಗಾಡಿ ತಂದು ನಿಲ್ಲಿಸಿ, 'ಪ್ರೊಫೆಸರ್, ಹತ್ತಿ' ಎಂದರು. ನಾನು ಪಾಠ ಮಾಡಿದ್ದು ಹೈಸ್ಕೂಲಿಗೆ. ಆದರೂ ಬೀಗರು ಕೊಟ್ಟ ಬಡ್ತಿಯನ್ನು ನಿರಾಕರಿಸುವುದು ಸರಿಯಲ್ಲವೆಂದು ಸುಮ್ಮನಿದ್ದೆ.

ಅವರ ಜಮೀನು ಇರುವುದು ಲ್ಯಾನೊ ಕಡೆ, ಆಸ್ಟಿನ್ನಿನಿಂದ ವಾಯವ್ಯಕ್ಕೆ ಒಂದೂವರೆ ಗಂಟೆಯ ದಾರಿ. ಲ್ಯಾನೊ ತನ್ನನ್ನು ತಾನೇ 'ಟೆಕ್ಸಾಸಿನ ಜಿಂಕೆ ರಾಜಧಾನಿ' ಎಂದು ಕರೆದುಕೊಳ್ಳುವ ಪುಟ್ಟ ಪೇಟೆ. ಸುತ್ತಲೂ ಗ್ರಾನೈಟ್ ಬಂಡೆ, ಕುಳ್ಳ ಓಕ್ ಮರ, ಸೀಡರ್ ಪೊದೆ. ಎಲ್ಲಿ ನೋಡಿದರೂ ಪಾಪಾಸುಕಳ್ಳಿ. ಅದನ್ನು ಕಂಡು ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ನಮ್ಮ ಬಯಲುಸೀಮೆಯ ಹೊಲಗಳ ಬದುವಿನಲ್ಲಿ ತಲೆಮಾರುಗಳಿಂದ ಕಾವಲು ನಿಂತ ಗಿಡವಲ್ಲವೇ ಅದು! ಆದರೆ ಅದು ಅಲ್ಲಿಯದೇ. ಪಾಪಾಸುಕಳ್ಳಿಯೂ ಕತ್ತಾಳೆಯೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದು ನಮ್ಮಲ್ಲಿ ಬೇಲಿಯ ಕೆಲಸಕ್ಕೆ ಸೇರಿಕೊಂಡವು. ಈಗ ನಾನು ಅಲ್ಲಿಗೆ ಬೇಲಿಯ ಕೆಲಸಕ್ಕೆ ಹೋಗಿದ್ದೆ. ಲೆಕ್ಕ ಚುಕ್ತಾ.

ಬೇಲಿ ಯಾವುದಕ್ಕೆ ಎಂದು ಕೇಳಿದೆ. ಜಿಂಕೆಯ ಊಟಕ್ಕೆ ಎಂದರು. ಅದೇ ತಾನೆ, ಜಿಂಕೆ ಬಂದು ಬೆಳೆ ತಿನ್ನದ ಹಾಗೆ ಎಂದು ನಾನು ತಲೆಯಾಡಿಸಿದೆ. ಅವರು ಗಾಡಿಯ ವೇಗ ತಗ್ಗಿಸಿ ನನ್ನ ಮುಖ ನೋಡಿದರು. 'ಅಲ್ಲ ಪ್ರೊಫೆಸರ್, ಜಿಂಕೆ ಬಂದು ತಿನ್ನಲಿ ಅಂತ. ದನ ಬರದ ಹಾಗೆ.'

ಭದ್ರಾ ಹಿನ್ನೀರಿನ ಅಂಚಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ವಾಕ್ಯ ಒಂದೇ ಸಲಕ್ಕೆ ಒಳಗಿಳಿಯುವಂಥದ್ದಲ್ಲ. ನಮ್ಮ ಮನೆಯಲ್ಲಿ ಬೇಲಿ ಎಂದರೆ ವರ್ಷಕ್ಕೊಮ್ಮೆ ಬರುವ ಹಬ್ಬಗಳ ಸಾಲಿಗೆ ಸೇರಿದ್ದು. ಮಳೆಗಾಲ ಹಿಡಿಯುವ ಮೊದಲು ಹಾಲುವಾಣದ ಗೂಟ ಕಡಿದು, ಲಕ್ಕಿ ಕೊಂಬೆ ಸಿಗಿಸಿ, ಮುಳ್ಳು ಒಟ್ಟಿ, ದಾರಿಗೆ ಅಡ್ಡ ಹಾಕುವ ದಣಪೆಯ ಗಳ ಬದಲಿಸಿ ಮುಗಿಸಬೇಕು. ತಪ್ಪಿದರೆ ಹಂದಿ, ಕಡವೆ, ಸಾರಗ ಎಲ್ಲವೂ ಗದ್ದೆಯಲ್ಲಿ. ಸಾರಗ ಎಂದರೆ ಮೈಮೇಲೆ ಬಿಳಿ ಚುಕ್ಕಿಯಿರುವ ಜಿಂಕೆ. ಪಟ್ಟಣದವರು ಕ್ಯಾಮೆರಾ ಹಿಡಿದು 'ಆಹಾ' ಅನ್ನುವುದನ್ನು ನಮ್ಮ ಅಪ್ಪಯ್ಯ ದೊಣ್ಣೆ ಹಿಡಿದು 'ಹೋಯ್' ಅನ್ನುತ್ತಿದ್ದರು. ದನಗಳು ಬೇಲಿಯ ಒಳಗೋ ಹೊರಗೋ ಮನೆಯ ಸದಸ್ಯರೇ. ಹಾರುವ ಚಟದ ಹಸುವಿನ ಕೊರಳಿಗೆ ಮರದ ತುಂಡು ಕಟ್ಟಿದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಹೀಗೆ ಕಾಡಿನದಕ್ಕೆ ಬೇಲಿ, ಕೊಟ್ಟಿಗೆಯದಕ್ಕೆ ಹುಲ್ಲು ಎಂಬ ಎರಡು ಸಾಲಿನ ವೇದಾಂತದಲ್ಲಿ ಅರವತ್ತು ದಾಟಿದ ನನ್ನನ್ನು ಬೀಗರು ತಲೆಕೆಳಗು ಮಾಡಿ ನಿಲ್ಲಿಸಿದರು.

ಆ ಊಟದ ಯಂತ್ರವನ್ನು ಅವರು ಫೀಡರ್ ಅನ್ನುತ್ತಾರೆ. ಮೂರು ಕಬ್ಬಿಣದ ಕಾಲಿನ ಮೇಲೆ ಇನ್ನೂರು ಲೀಟರಿನ ಡ್ರಮ್ಮು. ಒಳಗೆ ಸುಮಾರು 150 ಕಿಲೋ ಮೆಕ್ಕೆಜೋಳ. ಕೆಳಗೆ ಬ್ಯಾಟರಿ, ಮೋಟಾರು, ಗಿರಗಿರನೆ ತಿರುಗುವ ತಟ್ಟೆ. ಬ್ಯಾಟರಿಗೆ ಅಂಗೈಯಗಲದ ಸೋಲಾರ್ ಫಲಕ. ಬೆಳಿಗ್ಗೆ ಮತ್ತು ಸಂಜೆ ಗಡಿಯಾರ ನೋಡಿಕೊಂಡು ಅದು ತಾನೇ ಕೆಲವು ಸೆಕೆಂಡು ಸುತ್ತಿ ಜೋಳವನ್ನು ಸುತ್ತಲೂ ಎರಚುತ್ತದೆ. ರಕೂನ್ ಎಂಬ ಮುಖವಾಡದ ಕಳ್ಳ ತಟ್ಟೆಗೆ ಕೈಹಾಕಿ ತಿರುಗಿಸಿಕೊಂಡು ತಿನ್ನುವುದರಿಂದ ಮೋಟಾರಿಗೆ ಸರಳಿನ ಪಂಜರ. ಮೋಟಾರಿನ ಗುರ್ ಸದ್ದು ಕೇಳಿದರೆ ಸಾಕು, ಬಿಸಿಯೂಟದ ಗಂಟೆ ಹೊಡೆದಾಗ ನನ್ನ ಮಕ್ಕಳು ಪಾಠವನ್ನು ಅರ್ಧಕ್ಕೆ ಬಿಟ್ಟು ಹೊರಡುತ್ತಿದ್ದ ಹಾಗೆ ಜಿಂಕೆಗಳು ಪೊದೆಯಿಂದ ಎದ್ದು ಬರುತ್ತವೆ. ಟೆಕ್ಸಾಸಿನಲ್ಲಿ ಬಿಳಿಬಾಲದ ಜಿಂಕೆಗಳು 50 ಲಕ್ಷಕ್ಕೂ ಹೆಚ್ಚು, ಅಮೆರಿಕದ ಬೇರಾವ ರಾಜ್ಯದಲ್ಲೂ ಅಷ್ಟಿಲ್ಲ. ಖಾಸಗಿ ಜಮೀನಿನಲ್ಲಿ ಹೀಗೆ ಜೋಳ ಹಾಕಿ ಅವುಗಳನ್ನು ಕರೆಯುವುದಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆಯಿದೆ. ಕರೆದ ಮೇಲೆ ನವೆಂಬರಿನಲ್ಲಿ ಏನು ಮಾಡುತ್ತಾರೆ ಎಂಬುದಕ್ಕೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಗಂಟೆ ಬಾರಿಸಿದರೆ ಹೆಸರು ಕೊಟ್ಟವರಷ್ಟೇ ಬರುತ್ತಾರೆಯೇ? ದನಗಳೂ ಬಂದವು. ಬೀಗರ ದನಗಳು ಮೊದಲು ಬಿದ್ದ ಜೋಳ ನೆಕ್ಕಿದವು, ಆಮೇಲೆ ಫೀಡರಿನ ಕಾಲಿಗೆ ಮೈ ಉಜ್ಜಿದವು, ಕೊನೆಗೆ ಮೈ ಉಜ್ಜಿದರೆ ಜೋಳ ಉದುರುತ್ತದೆ ಎಂಬ ಭೌತಶಾಸ್ತ್ರವನ್ನು ಕಂಡುಕೊಂಡು ಡ್ರಮ್ಮನ್ನೇ ಮಗುಚಿದವು. ರಾತ್ರಿ ಪಾಳಿಗೆ ಕಾಡುಹಂದಿ. ಐದು ಶತಮಾನದ ಹಿಂದಿನಿಂದ ಸ್ಪೇನಿನವರು ತಂದು ಬಿಟ್ಟ ಹಂದಿಗಳು ಕಾಡು ಸೇರಿ, 1930ರ ದಶಕದಲ್ಲಿ ಬೇಟೆಗೆಂದು ತಂದ ಯುರೋಪಿನ ಹಂದಿಗಳೊಡನೆ ಸಂಬಂಧ ಬೆಳೆಸಿ, ಈಗ ಟೆಕ್ಸಾಸಿನಲ್ಲಿ ಲಕ್ಷಗಟ್ಟಲೆಯಾಗಿವೆ. ಹಂದಿಯ ವಿಷಯ ಬಂದಾಗ ಮಾತ್ರ ನಾನೂ ಬೀಗರೂ ಭಾಷೆಯ ಹಂಗಿಲ್ಲದೆ ಒಂದಾದೆವು. ಅವರು ತಮ್ಮ ಭಾಷೆಯಲ್ಲಿ ಬೈದದ್ದು ನನಗೆ ಪೂರ್ತಿ ಅರ್ಥವಾಯಿತು, ನಾನು ನನ್ನದರಲ್ಲಿ ಬೈದದ್ದು ಅವರಿಗೂ.

ಹಾಗಾಗಿ ಬೇಲಿ. ಸಾಮಾನೆಲ್ಲ ಪೇಟೆಯಲ್ಲೇ ಸಿಗುತ್ತದೆ. ದಪ್ಪ ತಂತಿಯನ್ನು ಚೌಕ ಚೌಕವಾಗಿ ಬೆಸೆದ ಪ್ಯಾನೆಲ್ಲು, 16 ಅಡಿ ಉದ್ದ. ನಿಲ್ಲಿಸಲು ಟಿ ಪೋಸ್ಟ್ ಎಂಬ ಕಬ್ಬಿಣದ ಗೂಟ. ನಾನು ಹಾರೆ ಹುಡುಕುತ್ತಿದ್ದರೆ ಬೀಗರು ಒಂದು ತುದಿ ಮುಚ್ಚಿದ, ಎರಡು ಹಿಡಿಯ, ಭಾರದ ಕೊಳವೆ ತಂದರು. ಅದನ್ನು ಗೂಟದ ನೆತ್ತಿಗೆ ತೊಡಿಸಿ ಎತ್ತಿ ಎತ್ತಿ ಕುಟ್ಟಬೇಕು. ನಮ್ಮಲ್ಲಿ ಒಬ್ಬ ಗೂಟ ಹಿಡಿದು ಇನ್ನೊಬ್ಬ ಹೊಡೆಯುವಾಗ ಇಬ್ಬರ ನಡುವೆ ಜನ್ಮಾಂತರದ ನಂಬಿಕೆ ಬೇಕು. ಇಲ್ಲಿ ಅದರ ಅಗತ್ಯವಿಲ್ಲ. ಆದರೆ ಲ್ಯಾನೊದ ನೆಲದಲ್ಲಿ ಒಂದು ಗೇಣು ಮಣ್ಣು, ಉಳಿದದ್ದು ಬಂಡೆ. ಪ್ರತಿ ಗೂಟವೂ ತನಗೆ ಇಷ್ಟವಾದ ಕಡೆ ಇಳಿಯಿತೇ ಹೊರತು ನಾವು ಗುರುತು ಹಾಕಿದ ಕಡೆ ಅಲ್ಲ.

ನನ್ನ ಗಣಿತ ಕೆಲಸಕ್ಕೆ ಬಂದದ್ದು ಇಲ್ಲಿ. ಬೇಲಿ ದುಂಡಗೇ ಇರಬೇಕು. ಮೂಲೆಯಿದ್ದರೆ ಪ್ರಾಣಿಗಳು ಅಲ್ಲಿ ಒತ್ತರಿಸಿಕೊಳ್ಳುತ್ತವೆ. ಇಕ್ಕಟ್ಟಾಗಿದ್ದರೆ ಜಿಂಕೆ ಒಳಗೆ ಹಾರಲು ಹಿಂಜರಿಯುತ್ತದೆ, ಎರಚಿದ ಜೋಳವೂ ಆಚೆ ಬೀಳುತ್ತದೆ. ಹತ್ತು ಪ್ಯಾನೆಲ್ಲಿಗೆ ಪರಿಧಿ 160 ಅಡಿ, ಎರಡು ಪೈಯಿಂದ ಭಾಗಿಸಿದರೆ ತ್ರಿಜ್ಯ ಇಪ್ಪತ್ತೈದೂವರೆ ಅಡಿಗೆ ಸ್ವಲ್ಪ ಕಡಿಮೆ ಎಂದು ನಾನು ನೆಲದ ಮೇಲೆ ಕಡ್ಡಿಯಿಂದ ಬರೆದೆ. ಫೀಡರಿನ ಬುಡಕ್ಕೆ ಹಗ್ಗ ಕಟ್ಟಿ, ಅಷ್ಟು ಉದ್ದ ಬಿಟ್ಟು, ಸುತ್ತು ಬಂದು ವೃತ್ತ ಎಳೆದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ವೃತ್ತ ಬರೆದಿದ್ದೇನೆ. ಒಂದಾದರೂ ಹೀಗೆ ಉಪಯೋಗಕ್ಕೆ ಬರುತ್ತದೆಂದು ಅಂದುಕೊಂಡಿರಲಿಲ್ಲ. 'ಇದೆಲ್ಲ ಜೀವನದಲ್ಲಿ ಎಲ್ಲಿ ಬರುತ್ತೆ ಸಾರ್?' ಎಂದು ಕೇಳುತ್ತಿದ್ದ ಹಿಂದಿನ ಬೆಂಚಿನ ಹುಡುಗರಿಗೆ ಈಗ ಉತ್ತರವಿದೆ: ಲ್ಯಾನೊದಲ್ಲಿ.

ಆದರೆ ಆ ಬೇಲಿಯ ನಿಜವಾದ ಬುದ್ಧಿವಂತಿಕೆ ಇದ್ದದ್ದು ಎತ್ತರದಲ್ಲಿ. ಮೂವತ್ನಾಲ್ಕು ಅಂಗುಲ, ನನ್ನ ಸೊಂಟಕ್ಕೂ ಕೊಂಚ ಕೆಳಗೆ. ಇಷ್ಟು ಗಿಡ್ಡ ಬೇಲಿಯನ್ನು ನಮ್ಮೂರಿನ ಮೇಕೆಯೂ ಗೌರವಿಸುವುದಿಲ್ಲ ಎಂದೆ. ಬೀಗರು ಬೆರಳು ಮಡಚಿ ವಿವರಿಸಿದರು. ಹಂದಿ ನೆಲ ಅಗೆಯುತ್ತದೆ, ನೂಕುತ್ತದೆ, ಆದರೆ ಇಷ್ಟು ಎತ್ತರ ಹತ್ತುವುದು ಅಪರೂಪ. ದನಕ್ಕೆ ಹಾರುವ ಉಮೇದಿಲ್ಲ. ಕತ್ತು ಚಾಚಬಹುದು, ಆದರೆ ಜೋಳ ಬೀಳುವುದು ಆ ಕತ್ತಿನ ಅಳತೆಯ ಆಚೆ. ಬಿಳಿಬಾಲದ ಜಿಂಕೆಗೆ ಎಂಟಡಿ ಬೇಲಿಯೇ ಬೇಕು ತಡೆಯಲು. ಮೂವತ್ನಾಲ್ಕು ಅಂಗುಲ ಅದಕ್ಕೆ ಹೊಸ್ತಿಲು. ತೀರ ಸಣ್ಣ ಮರಿಗಳು ಮಾತ್ರ ಹಾರಲಾರದೆ ಹೊರಗೆ ನಿಂತು ತಾಯಿಯ ಊಟ ಮುಗಿಯಲೆಂದು ಕಾಯುತ್ತವಂತೆ. ಕೇಳುತ್ತ ಕೇಳುತ್ತ ನನಗೆ ಗೌರವ ಹುಟ್ಟಿತು. ನಾವು ಬೇಲಿ ಕಟ್ಟುವಾಗ ಯೋಚಿಸುತ್ತಿದ್ದದ್ದು ಯಾರು ಬರಬಾರದು ಎಂದಷ್ಟೇ. ಯಾರು ಬರಬೇಕು ಎಂದು ಅಳೆದು, ಅವರ ಕಾಲಿಗೆ ತಕ್ಕ ಹಾಗೆ ಎತ್ತರ ಇಟ್ಟ ಬೇಲಿಯನ್ನು ನಾನು ಕಂಡದ್ದು ಅದೇ ಮೊದಲು.

ಟೆಕ್ಸಾಸಿನವರಿಗೆ ಬೇಲಿಯ ವಿಷಯದಲ್ಲಿ ಇಷ್ಟು ತಾಳ್ಮೆ ಸುಮ್ಮನೆ ಬಂದಿಲ್ಲ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಬಯಲಿಗೆ ಬಯಲೇ ಬೇಲಿಯೊಳಗೆ ಹೋಯಿತು. ನೀರು ಒಳಗೆ, ದನ ಹೊರಗೆ. 1883ರ ಬರಗಾಲದಲ್ಲಿ ರಾತ್ರೋರಾತ್ರಿ ತಂತಿ ಕತ್ತರಿಸುವ ಯುದ್ಧವೇ ನಡೆದು ಹೆಣಗಳು ಬಿದ್ದವು. ಮರುವರ್ಷ ಬೇಲಿ ಕತ್ತರಿಸುವುದನ್ನು ಘೋರ ಅಪರಾಧವೆಂದು ಕಾನೂನು ಮಾಡಿದರು. ಜೊತೆಗೇ ಸಾರ್ವಜನಿಕ ದಾರಿಗೆ ಅಡ್ಡವಾಗಿ ಬೇಲಿ ಹಾಕಿದವರು ಮೂರು ಮೈಲಿಗೊಂದು ಗೇಟು ಇಡಬೇಕೆಂದೂ ಹೇಳಿದರು. ಈಗಲೂ ಅಲ್ಲಿ ಬೇರೆಯವರ ಜಮೀನಿನ ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಹೋಗಬೇಕು. ಬೀಗರು ನನಗೆ ಕಲಿಸಿದ ಮೊದಲ ಶಿಷ್ಟಾಚಾರವೇ ಅದು. ದಣಪೆ ಹಾಕದೆ ಬಂದದ್ದಕ್ಕೆ ಅಪ್ಪಯ್ಯನ ಕೈಲಿ ಏಟು ತಿಂದವನಿಗೆ ಆ ಪಾಠ ಹೊಸದಾಗಿರಲಿಲ್ಲ.

ಸಂಜೆಗೆ ಬೇಲಿ ಮುಗಿಯಿತು. ಮೋಟಾರು ಗುರ್ ಎಂದಿತು. ಜೋಳ ಎಲ್ಲವೂ ಒಳಗೇ ಬಿತ್ತು. ಪೊದೆಯಿಂದ ಮೊದಲು ಬಂದದ್ದು ಒಂದು ಹಸು, ಕೆಂಪು ಮೈ, ಬಿಳಿ ಮುಖ, ಹೆರೆಫೋರ್ಡ್ ತಳಿ. ಬಂದವಳೇ ಪ್ಯಾನೆಲ್ಲಿಗೆ ಎದೆ ತಾಗಿಸಿ ನಿಂತು, ಜೋಳ ನೋಡಿದಳು, ಬೀಗರನ್ನು ನೋಡಿದಳು, ಆಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದಳು. ಇವನು ನಮ್ಮ ಕಡೆಯವನಿರಬೇಕು ಎಂದು ಅವಳಿಗೆ ಹೇಗೆ ಗೊತ್ತಾಯಿತೋ! ನಾನು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗಿದೆ.

ರಾತ್ರಿ ಹೆಂಡತಿಗೆ ಹೇಳಿದಾಗ ಅವಳು ಮಗುವಿನ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

'ದನವನ್ನ ಹೊರಗೆ ನಿಲ್ಲಿಸಿ ಜಿಂಕೆಗೆ ಊಟವಾ? ಆ ಕೆಲಸಕ್ಕೆ ನೀವೂ ಕೈ ಹಾಕಿದ್ರಾ?'

'ದನದ ಒಳ್ಳೇದಕ್ಕೇ ಮಾರಾಯ್ತಿ' ಎಂದು ನಾನು ಬೀಗರ ಪರವಾಗಿ ವಕಾಲತ್ತು ಶುರುಮಾಡಿದೆ. ಹುಲ್ಲು ತಿಂದು ಅಭ್ಯಾಸವಾದ ದನ ಒಮ್ಮೆಲೇ ಹೊಟ್ಟೆ ತುಂಬ ಜೋಳ ತಿಂದರೆ ಅದು ಒಳಗೆ ಹುಳಿಯಾಗಿ, ಆಮ್ಲವೇರಿ, ಹೊಟ್ಟೆ ಉಬ್ಬರಿಸಿ ದನ ಸಾಯಲೂಬಹುದು. ಡ್ರಮ್ಮು ಮಗುಚಿದ ರಾತ್ರಿ ಬೀಗರು ನಿದ್ದೆ ಮಾಡಿರಲಿಲ್ಲ. ನಮ್ಮ ಕೆಂಪಿಯೇ ಅಕ್ಕಿ ಮೂಟೆಗೆ ಬಾಯಿ ಹಾಕಿ ಎರಡು ದಿನ ಕಾಲು ಚಾಚಿ ಮಲಗಿದ್ದು, ನೀನೇ ಅವಳಿಗೆ ಓಮದ ಕಷಾಯ ಕುಡಿಸಿದ್ದು ನೆನಪಿಲ್ಲವೇ? ಹೆಂಡತಿ ಒಪ್ಪಿದಳು. ಕೆಂಪಿಯ ಹೆಸರೆತ್ತಿದರೆ ಅವಳು ಯಾವ ವಾದದಲ್ಲೂ ಸೋಲುತ್ತಾಳೆ.

ಆದರೆ ಮುಂದಿನದನ್ನು ನಾನು ಅವಳಿಗೆ ಹೇಳಲಿಲ್ಲ. ಬೀಗರ ದನಗಳ ಮುಖ್ಯ ಕೆಲಸ ಹಾಲೂ ಅಲ್ಲ, ಅವರ ಮಟ್ಟಿಗೆ ಮಾಂಸವೂ ಅಷ್ಟಕ್ಕಷ್ಟೇ, ಕಂದಾಯ. ಜಮೀನಿನಲ್ಲಿ ದನ ಮೇಯುತ್ತಿದ್ದರೆ ಅದನ್ನು ಕೃಷಿಭೂಮಿಯೆಂದು ಲೆಕ್ಕ ಹಾಕಿ ತೆರಿಗೆ ತುಂಬ ಕಡಿಮೆ ಮಾಡುತ್ತಾರೆ. ಹುಲ್ಲು ತಿನ್ನುತ್ತ ನಿಂತರೆ ಸಾಕು, ಸಂಬಳ ಸಂದಾಯ. ಸರ್ಕಾರಿ ನೌಕರಿಯಲ್ಲೂ ನನಗೆ ಇಷ್ಟು ಸಲೀಸಿರಲಿಲ್ಲ. ದನ ಬೇಡವೆಂದರೆ ಇನ್ನೊಂದು ದಾರಿಯುಂಟು. 1995ರಲ್ಲಿ ಅಲ್ಲಿಯ ಮತದಾರರು ಒಪ್ಪಿದ ತಿದ್ದುಪಡಿಯಿಂದ ವನ್ಯಜೀವಿ ನಿರ್ವಹಣೆಯೂ ಕೃಷಿಯೇ ಆಯಿತು. ಮೇವು ಕೊಡುವುದು, ನೀರು ಇಡುವುದು, ಆಸರೆ ಒದಗಿಸುವುದು, ಪ್ರಾಣಿಗಳನ್ನು ಎಣಿಸುವುದು ಇತ್ಯಾದಿ ಏಳರಲ್ಲಿ ಮೂರನ್ನಾದರೂ ಮಾಡಿದರೆ ಅದೇ ರಿಯಾಯಿತಿ. ನಮ್ಮ ಗದ್ದೆಗೆ ರಾತ್ರಿ ಬರುತ್ತಿದ್ದ ಸಾರಗಗಳನ್ನು ಅಪ್ಪಯ್ಯ ಮಾಳದಲ್ಲಿ, ಅಂದರೆ ಕಾವಲಿನ ಅಟ್ಟದಲ್ಲಿ, ಕೂತು ಎಷ್ಟು ಸಲ ಎಣಿಸಿದ್ದರು! ಮೇವು, ನೀರು, ಆಸರೆಯಂತೂ ಧಾರಾಳ. ಏಳರಲ್ಲಿ ನಾಲ್ಕು ಷರತ್ತು ಪೂರೈಸುತ್ತ, ಪೂರ್ತಿ ಕಂದಾಯ ಕಟ್ಟುತ್ತಲೇ ಅವರು ತೀರಿಕೊಂಡರು.

ನವೆಂಬರಿನ ಮೊದಲ ಶನಿವಾರ ಬಂದೂಕಿನ ಹಂಗಾಮು ಶುರು. ಬೀಗರು ನನ್ನನ್ನು ನಸುಕಿನಲ್ಲೇ ಎಬ್ಬಿಸಿ, ಫೀಡರಿನಿಂದ ನೂರು ಗಜ ದೂರದ ಅಟ್ಟಣೆಗೆ ಹತ್ತಿಸಿದರು. ಅದನ್ನು ಅವರು ಬ್ಲೈಂಡ್ ಅನ್ನುತ್ತಾರೆ. ನಾಲ್ಕು ಕಂಬ, ಒಂದು ಪೆಟ್ಟಿಗೆ, ಕಿಂಡಿ. ನೋಡಿದರೆ ಅಪ್ಪಟ ನಮ್ಮ ಮಾಳ. ಬಾಲ್ಯದ ಎಷ್ಟೋ ರಾತ್ರಿ ನಾನು ಅಪ್ಪಯ್ಯನ ಕಂಬಳಿಯೊಳಗೆ ಸೇರಿ ಅಂಥದೇ ಅಟ್ಟದಲ್ಲಿ ಕೂತು ಡಬ್ಬ ಬಡಿದವನು. ವ್ಯತ್ಯಾಸ ಒಂದೇ. ನಾವು ಕೂರುತ್ತಿದ್ದದ್ದು ಗದ್ದಲ ಮಾಡಲು. ಇಲ್ಲಿ ಕೆಮ್ಮು ಬಂದರೂ ನುಂಗಬೇಕು. ನಾವು ವರ್ಷವಿಡೀ ಬೈದು ಅಟ್ಟಿದ ಪ್ರಾಣಿ ಮರುದಿನವೂ ಬದುಕಿರುತ್ತಿತ್ತು. ಇವರು ವರ್ಷವಿಡೀ ಉಣಿಸಿದ್ದರ ಲೆಕ್ಕ ನವೆಂಬರಿನಲ್ಲಿ ತೀರುತ್ತದೆ. ಹಾಗೆಂದು ಬೀಗರ ಮೇಲೆ ಎಸೆಯಲು ನನ್ನ ಹತ್ತಿರ ಕಲ್ಲಿಲ್ಲ. ಮಲೆನಾಡಿನ ಮನೆಮನೆಯಲ್ಲಿ ಕೋವಿಯಿತ್ತು. 1972ರ ಕಾನೂನು ಬರುವವರೆಗೆ ಶಿಕಾರಿ ಮರ್ಯಾದಸ್ಥರ ಹವ್ಯಾಸವಾಗಿತ್ತು, ಬಂದ ಮೇಲೂ ಕೆಲವು ಅಡುಗೆಮನೆಗಳಿಗೆ ಆ ಸುದ್ದಿ ತಡವಾಗಿ ಮುಟ್ಟಿತು. ಬೀಗರು ಹೊಡೆದದ್ದನ್ನು ತಿನ್ನುತ್ತಾರೆ, ಪರವಾನಗಿ ಇಟ್ಟುಕೊಂಡಿರುತ್ತಾರೆ, ತೋಳವಿಲ್ಲದ ಕಾಡಿನಲ್ಲಿ ತೋಳದ ಕೆಲಸ ಯಾರಾದರೂ ಮಾಡಬೇಕಲ್ಲ ಅನ್ನುತ್ತಾರೆ. ಹೋಳಿಗೆ ತಿನ್ನುವವನು ಅದಕ್ಕೆ ಏನು ಹೇಳಲಿ?

ಬೆಳಕಾಯಿತು. ಮೋಟಾರು ಸುತ್ತಿತು. ಎರಡು ಬಿಳಿಬಾಲದ ಹೆಣ್ಣು ಜಿಂಕೆ ಬೇಲಿಯನ್ನು ಲೆಕ್ಕಕ್ಕೇ ಇಡದೆ ಒಳಗಿಳಿದವು. ಅವುಗಳ ಹಿಂದೆ, ನಿಧಾನವಾಗಿ, ಕೊಂಬು ಹೊತ್ತು, ಮೈತುಂಬ ಬಿಳಿ ಚುಕ್ಕಿಯ ಒಂದು ಗಂಡು ಬಂತು. ನಾನು ಕಣ್ಣುಜ್ಜಿಕೊಂಡೆ. ಸಾರಗ! ಭದ್ರಾ ದಂಡೆಯ ಸಾರಗ ಲ್ಯಾನೊದಲ್ಲಿ!

ಬೀಗರು ಕಿವಿಯ ಹತ್ತಿರ ಪಿಸುಗುಟ್ಟಿ ಹೇಳಿದ್ದು ಇಷ್ಟು. 1932ರಲ್ಲಿ ಭಾರತದ ಸಾರಗ ಟೆಕ್ಸಾಸಿಗೆ ಬಂತು, ಕೃಷ್ಣಮೃಗವೂ ಸುಮಾರು ಆಗಲೇ. ಬೇಲಿ ಹಾರಿ, ಕಾಡು ಸೇರಿ, ಸಂಸಾರ ಬೆಳೆಸಿದವು. ಬಿಳಿಬಾಲದ ಜಿಂಕೆಗೆ ಹಂಗಾಮು ಉಂಟು, ಮಿತಿ ಉಂಟು; ಸಾರಗಕ್ಕೆ ಎರಡೂ ಇಲ್ಲ, ವರ್ಷವಿಡೀ ಹೊಡೆಯಬಹುದು. ಯಾಕೆಂದರೆ ಅಲ್ಲಿಯ ಕೃಷಿ ಕಾನೂನಿನಲ್ಲಿ ಹೊರದೇಶದ ಗೊರಸಿನ ಪ್ರಾಣಿಗಳೆಲ್ಲ ವಿದೇಶಿ ಜಾನುವಾರು. ಆ ಪಟ್ಟಿಯಲ್ಲಿ ಘೇಂಡಾಮೃಗವಿದೆ, ಆನೆಯೂ ಇದೆ. ಅಂದರೆ ಕಾನೂನಿನ ಕಣ್ಣಿಗೆ ಸಾರಗವೂ ಒಂದು ದನ. ಜಾನುವಾರು ಬರಬಾರದೆಂದು ನಾವು ಪೈ ಹಾಕಿ ಕಟ್ಟಿದ ಬೇಲಿಯನ್ನು ಆ ಜಾನುವಾರು ನಮ್ಮ ಕಣ್ಣೆದುರೇ ಹಾರಿ, ಒಳಗೆ ಹೋಗಿ, ಜೋಳ ಮೇಯತೊಡಗಿತು. ಹೊರಗೆ ಹೆರೆಫೋರ್ಡ್ ಹಸು ಪ್ಯಾನೆಲ್ಲಿಗೆ ಎದೆ ಒರಗಿಸಿ ಇದನ್ನೆಲ್ಲ ನೋಡುತ್ತಿತ್ತು. ಅದಕ್ಕೆ ಕಾನೂನು ಗೊತ್ತಿದ್ದಿದ್ದರೆ ಕೋರ್ಟಿಗೆ ಹೋಗುತ್ತಿತ್ತು.

ಬೀಗರು ಬಂದೂಕು ಎತ್ತಿದವರು ನನ್ನ ಕಡೆ ತಿರುಗಿದರು. 'ನಿಮ್ಮ ಊರಿನದು. ಏನು ಮಾಡೋಣ, ನೀವೇ ಹೇಳಿ.' ನಾನು ಏನೂ ಹೇಳಲಿಲ್ಲ. ಜೀವನವಿಡೀ ಆ ಜಾತಿಯ ಮೇಲೆ ದೂರು ಹೇಳಿದವನ ಬಾಯಿ ಆಗ ಕಟ್ಟಿತು. ಅವರೇ ಬಂದೂಕು ಕೆಳಗಿಟ್ಟು, 'ಇವತ್ತು ನೆಂಟರ ಕಡೆಯವರ ಮೇಲೆ ಗುಂಡು ಹಾರಿಸುವುದಿಲ್ಲ' ಎಂದರು. 'ಇವತ್ತು' ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದರು. ಬೀಗರು ಸತ್ಯವಂತರು.

ಊರಿಗೆ ವಾಪಸಾದ ಮೇಲೂ ಆ ಬೇಲಿ ನನ್ನನ್ನು ಬಿಟ್ಟಿಲ್ಲ. ಫೀಡರಿನ ಪಕ್ಕದ ಮರಕ್ಕೆ ಕಟ್ಟಿದ ಕ್ಯಾಮೆರಾ ಬಂದವರ ಚಿತ್ರ ತೆಗೆದು ಬೀಗರ ಫೋನಿಗೆ ಕಳಿಸುತ್ತದೆ, ಅವರು ನನಗೆ ಕಳಿಸುತ್ತಾರೆ. ಜಿಂಕೆ ಮೂರು, ರಕೂನ್ ಎರಡು, ಹೊರಗೆ ಹಂದಿ, ಹೊರಗೆ ಅದೇ ಹಸು. ಪ್ರತಿಯಾಗಿ ಕಳಿಸಲು ನನ್ನ ಹತ್ತಿರ ಹೆಚ್ಚೇನಿಲ್ಲ. ಕೆಂಪಿಯ ಮೊಮ್ಮಗಳನ್ನು ಕೊಟ್ಟಾಯಿತು. ಹುಲ್ಲು ಕೊಯ್ಯಲು ಜನ ಇಲ್ಲ. ಕೊಟ್ಟಿಗೆಯಲ್ಲಿ ಈಗ ಸ್ಕೂಟರ್ ನಿಲ್ಲುತ್ತದೆ. ಹಾಲುವಾಣದ ಗೂಟಗಳು ಚಿಗುರಿ ಮರಗಳಾಗಿವೆ, ನಡುವಿನ ಮುಳ್ಳು ಕರಗಿದೆ. ಸೋಲಾರ್ ತಂತಿ ಎಳೆಸಿದ್ದೆ. ಅದಕ್ಕೆ ತಾಗುವ ಬಳ್ಳಿ ಸವರುವವರಿಲ್ಲದೆ ಅದೂ ತಣ್ಣಗಾಗಿದೆ. ಮಾಳದಲ್ಲಿ ಕೂರೋಣವೆಂದರೆ ಒಬ್ಬನೇ ಕೂತು ಡಬ್ಬ ಬಡಿಯಲು ಈ ವಯಸ್ಸಿನಲ್ಲಿ ನಾಚಿಕೆ. ಆದರೂ ಅಭ್ಯಾಸಬಲದಿಂದ ಮನೆಯೆದುರಿನ ಒಂದು ಎಕರೆ ನಾಟಿ ಮಾಡಿಸುತ್ತೇನೆ.

ಮೊನ್ನೆ ಬೆಳಿಗ್ಗೆ ಹೆಂಡತಿ ಕರೆದಳೆಂದು ಅಂಗಳಕ್ಕೆ ಬಂದರೆ ಗದ್ದೆಯ ತುಂಬ ಸಾರಗಗಳು, ಮರಿಗಳ ಸಮೇತ, ಹಾಲುಗಟ್ಟುವ ತೆನೆಯನ್ನು ಸಾವಕಾಶವಾಗಿ ಮೇಯುತ್ತಿದ್ದವು. ಅಟ್ಟಬೇಕೆಂದು ಹೊರಟವನು ಮೊದಲು ಒಂದು ಫೋಟೋ ತೆಗೆದು ಬೀಗರಿಗೆ ಕಳಿಸಿದೆ. ಅಲ್ಲಿ ಆಗ ರಾತ್ರಿ. ಆದರೂ ತಕ್ಷಣ ಉತ್ತರ ಬಂತು. 'ಅದ್ಭುತ! ಇಷ್ಟೊಂದು ಜಿಂಕೆ ನನ್ನಲ್ಲಿ ಒಟ್ಟಿಗೆ ಯಾವತ್ತೂ ಬಂದಿಲ್ಲ. ಪ್ರೊಫೆಸರ್, ಯಾವ ಫೀಡರ್ ಬಳಸುತ್ತೀರಿ?'

ಸ್ವಲ್ಪ ಹೊತ್ತು ಯೋಚಿಸಿ ಹೀಗೆ ಬರೆದೆ: 'ಯಂತ್ರ ಏನಿಲ್ಲ ಬೀಗರೇ. ಗದ್ದೆ ನೆಟ್ಟು ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದರೆ ಸಾಕು, ತಾನಾಗಿ ನಡೆಯುತ್ತದೆ.'